ಕುತ್ತಿಗೆ ನೋವಿಗೆಲ್ಲ ಒಂದೇ ಹೆಸರು ಸಾಲದು

ಮಾನ್ಯ ಸಂಪಾದಕರೆ,

ನಾನು ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ 31 ವರ್ಷ ಕರಡಚ್ಚು ತಿದ್ದುವ ಕೆಲಸ ಮಾಡಿ ನಿವೃತ್ತನಾದವನು. ಒಂದು ಅಕ್ಷರ ತಪ್ಪಿದರೆ ಅರ್ಥ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ದಿನವೂ ಕಂಡಿದ್ದೇನೆ. ಆ ಕಾರಣಕ್ಕಾಗಿಯೇ, ನಮ್ಮ ಊರಿನ ಜನರ ಮಾತಿನಲ್ಲಿ ದಿನನಿತ್ಯ ಕೇಳಿಬರುವ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಆಗಾಗ ಕಾಣಿಸಿಕೊಳ್ಳುವ ಒಂದು ಪದದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಯಾರಾದರೂ ಕುತ್ತಿಗೆ ನೋವು ಎಂದರೆ ಸಾಕು, ಕೇಳಿದವರು ‘ಸ್ಪಾಂಡಿಲೈಟಿಸ್ ಇರಬೇಕು’ ಎಂದುಬಿಡುತ್ತಾರೆ. ಹೆಸರು ಸಿಕ್ಕ ಮೇಲೆ ಕಾರಣವನ್ನು ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ವಿಷಯದಲ್ಲಿ ಹಾಗೆಯೇ ಆಯಿತು, ಮತ್ತು ಅದರಿಂದ ಆರು ವರ್ಷ ವ್ಯರ್ಥವಾಯಿತು.

ಮೊದಲು ಪದವನ್ನೇ ನೋಡೋಣ. ವೈದ್ಯಕೀಯದಲ್ಲಿ ‘ಐಟಿಸ್’ ಎಂದು ಮುಗಿಯುವ ಹೆಸರುಗಳು ಉರಿಯೂತವನ್ನು ಹೇಳುತ್ತವೆ. ಬೆನ್ನೆಲುಬಿನ ಉರಿಯೂತ ಎಂಬುದು ನಿಜವಾಗಿಯೂ ಇರುವ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನಿಂದ ಬರುವ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೆಚ್ಚಾಗಿ 45 ವರ್ಷದ ಒಳಗಿನವರಲ್ಲಿ, ಅದೂ ಸಾಮಾನ್ಯವಾಗಿ ಸೊಂಟದ ಕಡೆಯಿಂದ, ಬೆಳಗಿನ ಬಿಗಿತದೊಂದಿಗೆ ಶುರುವಾಗುತ್ತದೆ. ನಾವು ಬೀದಿಯಲ್ಲಿ ಸ್ಪಾಂಡಿಲೈಟಿಸ್ ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಅದಲ್ಲ. ವಯಸ್ಸಾದಂತೆ ಕುತ್ತಿಗೆಯ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳಲ್ಲಿ ನೀರಿನ ಅಂಶ ಕಡಿಮೆಯಾಗಿ, ಅವು ಚಪ್ಪಟೆಯಾಗಿ, ಮೂಳೆಯ ಅಂಚಿನಲ್ಲಿ ಸಣ್ಣ ಮೊನೆಗಳು ಬೆಳೆಯುವ ಸವೆತಕ್ಕೆ ಸ್ಪಾಂಡಿಲೋಸಿಸ್ ಎಂದು ಹೆಸರು. ಎರಡು ಅಕ್ಷರದ ವ್ಯತ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಮೊದಲನೆಯದು ತಜ್ಞರ ಔಷಧ ಬೇಕಾದ ರೋಗ. ಎರಡನೆಯದು ತಲೆಗೂದಲು ನರೆತಂತೆ ಬಹುತೇಕ ಎಲ್ಲರಲ್ಲೂ ನಡೆಯುವ ಬದಲಾವಣೆ. 60 ದಾಟಿದವರ ಕುತ್ತಿಗೆಯ ಎಕ್ಸ್‌ರೇ ತೆಗೆದರೆ ಹೆಚ್ಚಿನವರಲ್ಲಿ ಈ ಸವೆತ ಕಂಡೇ ಕಾಣುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ನೋವು ಎಂಬುದೇ ಇರುವುದಿಲ್ಲ. ಹಾಗಿರುವಾಗ ಎಕ್ಸ್‌ರೇಯಲ್ಲಿ ಸವೆತ ಇದೆ, ರೋಗಿಗೆ ನೋವೂ ಇದೆ, ಆದ್ದರಿಂದ ಸವೆತದಿಂದಲೇ ನೋವು ಎಂದು ತೀರ್ಮಾನಿಸುವುದು ಸರಿಯಾದ ತರ್ಕವಲ್ಲ.

ನನ್ನ ಎಕ್ಸ್‌ರೇಯಲ್ಲೂ ಸವೆತವಿತ್ತು. ಕುತ್ತಿಗೆಗೆ ಕಟ್ಟುವ ಪಟ್ಟಿ ಕೊಟ್ಟರು, ಮಾತ್ರೆ ಕೊಟ್ಟರು, ‘ಇನ್ನು ಜೋಪಾನವಾಗಿರಿ’ ಎಂದರು. ಜೋಪಾನ ಎಂದರೆ ಅಲುಗಾಡದೆ ಇರುವುದು ಎಂದು ತಿಳಿದು ನಾನು ಹಗಲಿಡೀ ಪಟ್ಟಿ ಕಟ್ಟಿಕೊಂಡೇ ಇದ್ದೆ. ತಿಂಗಳುಗಟ್ಟಲೆ ಹಾಗೆ ಕಟ್ಟಿದರೆ ತಲೆಯನ್ನು ಹೊರುವ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ ಎಂದು ಆಗ ಯಾರೂ ಹೇಳಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ನನ್ನ ಮಗಳ ವಯಸ್ಸಿನ ಒಬ್ಬರು ಎಕ್ಸ್‌ರೇಯನ್ನು ಪಕ್ಕಕ್ಕಿಟ್ಟು, ‘ಸಾರ್, ನೀವು ಕೆಲಸ ಮಾಡುವಾಗ ಹೇಗೆ ಕೂರುತ್ತಿದ್ದಿರಿ, ಒಂದು ಸಲ ತೋರಿಸಿ’ ಎಂದರು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಮಟ್ಟಸವಾದ ಮೇಜು, ಅದರ ಮೇಲೆ ಕರಡಚ್ಚಿನ ಹಾಳೆ, ಎಡಗೈಯಲ್ಲಿ ಮೂಲಪ್ರತಿ, ಬಲಗೈಯಲ್ಲಿ ಕೆಂಪು ಪೆನ್ನು, ಗಲ್ಲ ಎದೆಗೆ ತಗುಲುವಷ್ಟು ಬಾಗಿದ ತಲೆ: ನಾನು ಕೂತು ತೋರಿಸಿದೆ. ‘ದಿನಕ್ಕೆ ಎಷ್ಟು ಗಂಟೆ?’ ಎಂದು ಕೇಳಿದರು. ಏಳು ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಕುತ್ತಿಗೆಯಲ್ಲಿರುವುದು ಏಳು ಮೂಳೆಗಳು. ಅವುಗಳ ಮೇಲೆ ಸುಮಾರು ಐದು ಕಿಲೋ ತೂಗುವ ತಲೆ ಕೂತಿದೆ. ತಲೆ ನೇರವಾಗಿದ್ದಾಗ ಆ ಭಾರ ಮೂಳೆಗಳ ಮೂಲಕ ಕೆಳಗಿಳಿಯುತ್ತದೆ, ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ತಲೆ ಮುಂದಕ್ಕೆ ಬಾಗಿದಂತೆಲ್ಲ ಅದನ್ನು ಬೀಳದಂತೆ ಹಿಡಿದೆಳೆಯುವ ಕೆಲಸ ಹೆಡಕಿನ ಮತ್ತು ಹೆಗಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಳ್ಳುವುದಕ್ಕೂ ಚಾಚಿದ ಕೈಯಲ್ಲಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. 2014ರಲ್ಲಿ ನ್ಯೂಯಾರ್ಕ್‌ನ ಬೆನ್ನೆಲುಬು ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಅವರು ಗಣಿತದ ಮಾದರಿಯೊಂದನ್ನು ಕಟ್ಟಿ, ತಲೆ 15 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲಿನ ಒತ್ತಡ ಸುಮಾರು 12 ಕಿಲೋ, 30 ಡಿಗ್ರಿಗೆ 18, 45 ಡಿಗ್ರಿಗೆ 22, 60 ಡಿಗ್ರಿಗೆ 27 ಕಿಲೋ ಆಗುತ್ತದೆ ಎಂದು ಲೆಕ್ಕ ಹಾಕಿದರು. ಅದು ಲೆಕ್ಕಾಚಾರವೇ ಹೊರತು ಜೀವಂತ ಮನುಷ್ಯರಲ್ಲಿ ಅಳೆದದ್ದಲ್ಲ. ತಲೆ ಬಾಗಿಸಿದವರಿಗೆಲ್ಲ ನೋವು ಬಂದೇ ಬರುತ್ತದೆ ಎಂದೂ ಅದರ ಅರ್ಥವಲ್ಲ. ಆದರೂ 25 ಕಿಲೋ ಅಕ್ಕಿಯ ಚೀಲಕ್ಕಿಂತ ಹೆಚ್ಚಿನ ಹೊರೆಯನ್ನು ಗಂಟೆಗಟ್ಟಲೆ ಹೊತ್ತ ಸ್ನಾಯು ಬಿಗಿದುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಕುತ್ತಿಗೆ ನೋವಿಗೆ ಅತಿ ಸಾಮಾನ್ಯ ಕಾರಣ ಮೂಳೆಯಲ್ಲ, ಹೀಗೆ ದಣಿದ ಸ್ನಾಯು. ಇಂಥ ನೋವು ಹೊಸದಾಗಿ ಬಂದಾಗ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಆದರೆ ಕೂರುವ ರೀತಿ ಬದಲಾಗದಿದ್ದರೆ ಮರುಕಳಿಸಬಹುದು.

ನಾನು ಆಮೇಲೆ ಬಡಗಿಯಿಂದ ಇಳಿಜಾರಿನ ಹಲಗೆಯೊಂದನ್ನು ಮಾಡಿಸಿದೆ. ಹಿಂದೆ ಚಿಕ್ಕಪೇಟೆಯ ಮಂಡಿಗಳಲ್ಲಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ನನ್ನ ವಯಸ್ಸಿನವರು ನೋಡಿರುತ್ತಾರೆ. ಪುಸ್ತಕವೇ ಕಣ್ಣಿನ ಕಡೆಗೆ ವಾಲಿಕೊಂಡಿದ್ದರಿಂದ ಅವರು ಅಷ್ಟಾಗಿ ಬಾಗಬೇಕಾಗುತ್ತಿರಲಿಲ್ಲ. ಮಟ್ಟಸ ಮೇಜು ಬಂದು ಆ ಪೆಟ್ಟಿಗೆ ಅಟ್ಟ ಸೇರಿತು. ಹಲಗೆ ಮತ್ತು ದಿನಕ್ಕೆ ಎರಡು ಹೊತ್ತಿನ ವ್ಯಾಯಾಮ, ಇವೆರಡರಿಂದ ಮೂರು ತಿಂಗಳಲ್ಲಿ ನನ್ನ ನೋವು ಸಹಿಸುವ ಮಟ್ಟಕ್ಕೆ ಇಳಿಯಿತು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ.

ಆದರೆ ಹಲಗೆ ಮಾಡಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೆ ಎಲ್ಲಿದೆ? ನನ್ನ ತಂಗಿಯ ಮಗಳು ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಟೈಲರ್. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನಲ್ಲಿ ಕೂತು, ಸೂಜಿಯ ಕಡೆಗೆ ಕುತ್ತಿಗೆ ಚಾಚಿ, ಎರಡು ಕೈಗಳನ್ನೂ ಮುಂದಕ್ಕೆ ಹಿಡಿದು, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಗಿಸಬೇಕು. ಕೈ ಮುಂದಕ್ಕೆ ಚಾಚಿಕೊಂಡೇ ಇದ್ದರೆ ಹೆಗಲಿನಿಂದ ಕುತ್ತಿಗೆಗೆ ಏರುವ ಸ್ನಾಯು ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಟಾರ್ಗೆಟ್ ಮುಗಿಯುವುದೋ ಇಲ್ಲವೋ ಎಂಬ ಆತಂಕವೂ ಅದೇ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಮನಸ್ಸಿನ ಒತ್ತಡದಿಂದ ಕುತ್ತಿಗೆ ನೋಯುತ್ತದೆ ಎಂಬುದು ಕಲ್ಪನೆಯಲ್ಲ, ಹೆದರಿದಾಗ ಹೆಗಲು ಮೇಲೇರುವುದನ್ನು ಯಾರು ಬೇಕಾದರೂ ಗಮನಿಸಬಹುದು. ‘ಮಾವ, ನೀರು ಕುಡಿದರೆ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುತ್ತೇವೆ’ ಎಂದು ಅವಳು ಹೇಳಿದ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ ಎಂಬ ಸಲಹೆಯನ್ನು ಆರೋಗ್ಯ ಪುಟಗಳು ಕೊಡುತ್ತವೆ. ಈ ಹೆಣ್ಣುಮಕ್ಕಳಿಗೆ ಆ ಸಲಹೆಯನ್ನು ಪಾಲಿಸುವ ಅಧಿಕಾರವಿಲ್ಲ. ಅದು ಇರುವುದು ಕಾರ್ಖಾನೆಯ ಆಡಳಿತದ ಬಳಿ. ಎತ್ತರ ಹೊಂದಿಸಬಹುದಾದ, ಬೆನ್ನಿಗೆ ಆಸರೆಯಿರುವ ಕುರ್ಚಿ, ಸ್ವಲ್ಪ ಓರೆಯಾಗಿಸಿದ ಮೆಷಿನ್ ಮೇಜು, ಎರಡು ಗಂಟೆಗೊಮ್ಮೆ ಐದು ನಿಮಿಷದ ಬಿಡುವು, ಇವು ಚಿಕಿತ್ಸೆಗಿಂತ ಎಷ್ಟೋ ಅಗ್ಗ.

ಐಟಿ ಉದ್ಯೋಗಿಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆಯಾದ್ದರಿಂದ ಒಂದೇ ಮಾತು ಹೇಳುತ್ತೇನೆ. ಲ್ಯಾಪ್‌ಟಾಪಿನ ದೋಷ ಅದರ ರಚನೆಯಲ್ಲೇ ಇದೆ: ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾಗುವ ಎತ್ತರದಲ್ಲಿಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಸರಿಯಾಗುವಂತೆ ಇಟ್ಟರೆ ಹೆಗಲು ಏರುತ್ತದೆ. ಬೇರೆ ಕೀಲಿಮಣೆಯೊಂದನ್ನು ಜೋಡಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಅಡಿಗೆ ನಾಲ್ಕು ದಪ್ಪ ಪುಸ್ತಕ ಇಟ್ಟರೆ ಸಾಕು. 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಯ ಮಂಚದ ಮೇಲೆ, ಪಿಜಿಯ ಹಾಸಿಗೆಯ ಮೇಲೆ ಕಾಲು ಮಡಿಚಿ ಕೂತು ಕೆಲಸ ಶುರುಮಾಡಿದವರಲ್ಲಿ ಅನೇಕರು ಇಂದಿಗೂ ಅಲ್ಲಿಂದ ಎದ್ದಿಲ್ಲ. ಮೊಬೈಲಿನ ವಿಷಯವೂ ಅಷ್ಟೆ. ಮೆಟ್ರೋದಲ್ಲಿ ಒಮ್ಮೆ ತಲೆಯೆತ್ತಿ ನೋಡಿದರೆ ಇಡೀ ಬೋಗಿ ತಲೆ ತಗ್ಗಿಸಿರುತ್ತದೆ.

ಬೆಂಗಳೂರಿನ ರಸ್ತೆಗಳನ್ನು ಬಿಟ್ಟು ಈ ವಿಷಯ ಪೂರ್ಣವಾಗುವುದಿಲ್ಲ. ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿಯಲ್ಲಿ ಹಂಪ್ ಎಂದರೆ 10 ಸೆಂಟಿಮೀಟರ್ ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರುವ ಕಮಾನಿನಾಕಾರದ ಉಬ್ಬು. 25 ಕಿಲೋಮೀಟರ್ ವೇಗದಲ್ಲಿ ಅದನ್ನು ದಾಟಬಹುದು. ನಮ್ಮ ಅಡ್ಡರಸ್ತೆಗಳಲ್ಲಿ ಯಾರೋ ರಾತ್ರೋರಾತ್ರಿ ಸುರಿದು ಹೋದಂತಿರುವ, ಗೋಡೆಯಂತೆ ಎದ್ದು ನಿಂತ ಉಬ್ಬುಗಳನ್ನು ಈ ಅಳತೆಯೊಂದಿಗೆ ಹೋಲಿಸಿ ನೋಡಬೇಕು. ಗುಂಡಿಗೆ ಚಕ್ರ ಇಳಿದಾಗ, ಬಣ್ಣ ಬಳಿಯದ ಹಂಪ್‌ನ ಮೇಲೆ ಗಾಡಿ ಹಾರಿದಾಗ, ಆ ಧಕ್ಕೆ ದ್ವಿಚಕ್ರ ಸವಾರನ ಬೆನ್ನಿನ ಮೂಲಕ ಕುತ್ತಿಗೆಯವರೆಗೆ ಏರುತ್ತದೆ. ಈಗಾಗಲೇ ನೋವಿರುವವರಿಗೆ ಇದು ಹುಣ್ಣಿನ ಮೇಲೆ ಬರೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು: ಹೆಲ್ಮೆಟ್ ಹಾಕಿದ್ದರಿಂದಲೇ ಕುತ್ತಿಗೆ ನೋವು ಬಂತು ಎಂದು ಅದನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಓಡಾಡುವವರನ್ನು ನಾನು ದಿನವೂ ನೋಡುತ್ತೇನೆ. ಅಳತೆ ತಪ್ಪಿದ, ತಲೆಯ ಮೇಲೆ ಅಲುಗಾಡುವ ಹೆಲ್ಮೆಟ್ ತೊಂದರೆ ಕೊಡಬಹುದು, ಅದಕ್ಕೆ ಪರಿಹಾರ ಸರಿಯಾದ ಅಳತೆಯ, ಐಎಸ್‌ಐ ಗುರುತಿನ ಹೆಲ್ಮೆಟ್ ಕೊಳ್ಳುವುದು. ತಲೆಯನ್ನೇ ಪಣಕ್ಕಿಟ್ಟು ಕುತ್ತಿಗೆಯನ್ನು ಉಳಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಕಾರಿನಲ್ಲಿ ಕುಳಿತವರಿಗೆ ಬೇರೆ ಅಪಾಯವಿದೆ. ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಗುದ್ದಿದಾಗ ದೇಹ ಸೀಟಿನೊಂದಿಗೆ ಮುಂದಕ್ಕೆ ಹೋಗಿ, ತಲೆ ಮಾತ್ರ ಹಿಂದೆ ಉಳಿದು, ಮರುಕ್ಷಣ ಮುಂದಕ್ಕೆ ಚಾಟಿಯಂತೆ ಬೀಸುತ್ತದೆ. ಗುದ್ದು ಸಣ್ಣದಾದರೂ ಸ್ನಾಯುಗಳಿಗೆ ಮತ್ತು ಮೂಳೆಗಳನ್ನು ಬಿಗಿದು ಹಿಡಿಯುವ ಅಸ್ಥಿರಜ್ಜುಗಳಿಗೆ ಪೆಟ್ಟಾಗಬಹುದು, ನೋವು ಕೆಲವು ಗಂಟೆಗಳ ಮೇಲೆ, ಎಷ್ಟೋ ಸಲ ಮರುದಿನ ಕಾಣಿಸಿಕೊಳ್ಳುತ್ತದೆ. ಸೀಟಿನ ಹಿಂದಿರುವ ತಲೆಯಾಸರೆ ದಿಂಬಿನಂತೆ ಒರಗಲು ಇಟ್ಟದ್ದಲ್ಲ, ಈ ಬೀಸನ್ನು ತಡೆಯಲು ಇಟ್ಟದ್ದು. ಅದರ ಮೇಲಂಚು ಕನಿಷ್ಠ ಕಿವಿಯ ಮೇಲ್ಭಾಗಕ್ಕೆ ಸಮನಾಗಿರಬೇಕು. ಬಾಡಿಗೆ ಕಾರುಗಳಲ್ಲಿ ಕುಳಿತಾಗಲೆಲ್ಲ ನಾನು ಅದನ್ನು ಮೇಲಕ್ಕೆತ್ತಿಕೊಳ್ಳುತ್ತೇನೆ, ಹೆಚ್ಚಿನವು ಭುಜದ ಮಟ್ಟಕ್ಕೆ ಇಳಿದುಕೊಂಡಿರುತ್ತವೆ.

ಮಕ್ಕಳ ಶಾಲಾಚೀಲದ ಬಗ್ಗೆ ರಾಜ್ಯ ಸರ್ಕಾರ 2019ರಲ್ಲೇ ಆದೇಶ ಹೊರಡಿಸಿತು. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದಕ್ಕೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು, ಒಂಬತ್ತು ಮತ್ತು ಹತ್ತಕ್ಕೆ ನಾಲ್ಕರಿಂದ ಐದು ಕಿಲೋ ಎಂಬುದು ಅದರಲ್ಲಿರುವ ಮಿತಿ. ಹಣ್ಣಿನ ಅಂಗಡಿಯ ತಕ್ಕಡಿಯಲ್ಲಿ ನನ್ನ ಮೊಮ್ಮಗನ ಚೀಲವನ್ನು ತೂಗಿಸಿದೆ. ನಾಲ್ಕನೇ ತರಗತಿಯ ಹುಡುಗನ ಬೆನ್ನಿನ ಮೇಲೆ ಐದು ಕಿಲೋ ಮುನ್ನೂರು ಗ್ರಾಂ ಇತ್ತು. ಆ ಭಾರವನ್ನು ಸರಿದೂಗಿಸಲು ಮಗು ಮುಂದಕ್ಕೆ ಬಾಗುತ್ತದೆ, ಮುಂದೆ ನೋಡಲು ಗಲ್ಲವನ್ನು ಮೇಲಕ್ಕೆತ್ತುತ್ತದೆ. ಒಂದೇ ಹೆಗಲಿಗೆ ನೇತುಹಾಕಿಕೊಂಡರೆ ಇನ್ನೂ ಕೆಟ್ಟದು. ಇನ್ನು ಕಲಾಸಿಪಾಳ್ಯದಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿನಿಂದ ತಲೆಯ ಮೇಲೆ ಮೂಟೆ ಹೊರುವ ಹಮಾಲರ ಕುತ್ತಿಗೆಯ ಬಗ್ಗೆ ಆದೇಶವಿರಲಿ, ಮಾತೂ ಇಲ್ಲ.

ರಾತ್ರಿಯ ಕಾರಣಗಳು ಸರಳ. ದಿಂಬು ತೀರ ಎತ್ತರವಾದರೂ ತೀರ ತೆಳ್ಳಗಾದರೂ ಕುತ್ತಿಗೆ ಆರೇಳು ಗಂಟೆ ಸೊಟ್ಟಗಿರುತ್ತದೆ. ಬೋರಲು ಮಲಗಿದರೆ ಉಸಿರಿಗಾಗಿ ಮುಖವನ್ನು ಒಂದು ಬದಿಗೆ ತಿರುಗಿಸಲೇಬೇಕು. ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡರೆ ದಿಂಬನ್ನು ಬಿಸಿಲಿಗೆ ಹಾಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಬಿಸಿಲಿಗಿಂತ ದಿಂಬನ್ನು ಬದಲಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ಕಾರಣ ದಿಂಬಿನಲ್ಲಿರಬಹುದು ಎಂದು ಊಹಿಸಿದ್ದ ಅಜ್ಜಿಯನ್ನು ನಾನು ಗೌರವದಿಂದ ನೆನೆಯುತ್ತೇನೆ.

ಈಗ ನನ್ನ ಪಾಲಿಗೆ ಅತ್ಯಂತ ಕಹಿಯಾದ ಅನುಭವ. ನೋವು ಹೆಚ್ಚಿದ್ದ ದಿನಗಳಲ್ಲಿ ಕ್ಷೌರದಂಗಡಿಯೊಂದರಲ್ಲಿ ಕೆಲಸದ ಹುಡುಗ ತಲೆಗೆ ಎಣ್ಣೆ ತಿಕ್ಕಿ, ‘ಸಾರ್, ನೆಟಿಗೆ ತೆಗೆಯಲಾ?’ ಎಂದ. ನಾನು ಉತ್ತರ ಹೇಳುವ ಮೊದಲೇ ಗಲ್ಲವನ್ನೂ ಹಿಂದಲೆಯನ್ನೂ ಹಿಡಿದು ಎರಡೂ ಕಡೆಗೆ ಲಟಕ್ಕೆಂದು ತಿರುಗಿಸಿದ. ಆ ಕ್ಷಣಕ್ಕೆ ಹಗುರವೆನಿಸಿತು. ಸಂಜೆಯ ಹೊತ್ತಿಗೆ ತಲೆ ತಿರುಗಿ, ಗೋಡೆ ಹಿಡಿದು ನಡೆಯುವಂತಾಯಿತು, ವಾಂತಿಯೂ ಆಯಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಪರೀಕ್ಷೆಗಳನ್ನು ಮಾಡಿ, ದೊಡ್ಡ ಅನಾಹುತ ಆಗಿಲ್ಲವೆಂದು ಕಳಿಸಿದರು. ಮಿದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕುತ್ತಿಗೆಯ ಮೇಲಿನ ಆರು ಮೂಳೆಗಳ ಪಕ್ಕದ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ ಎಂದು ನಾನು ತಿಳಿದದ್ದು ಅಂದು. ಹಠಾತ್ತಾಗಿ ತಿರುಚಿದಾಗ ಆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಆದವರ ಬದುಕು ಮೊದಲಿನಂತೆ ಉಳಿಯುವುದಿಲ್ಲ. ಬ್ಯೂಟಿ ಪಾರ್ಲರ್‌ಗಳಲ್ಲಿ ತಲೆ ತೊಳೆಯುವಾಗ ಕುತ್ತಿಗೆಯನ್ನು ಬೇಸಿನ್ನಿನ ಅಂಚಿಗೆ ಹಿಂದಕ್ಕೆ ಮಡಿಚಿಟ್ಟು ಬಹಳ ಹೊತ್ತು ಹಾಗೇ ಬಿಡುವುದರಿಂದಲೂ ಇಂಥದ್ದು ಆದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕಲಿಸಿದವರು ಹಾಗೆ ಕಲಿಸಿದ್ದರು. ಕ್ಷೌರಿಕ ವೃತ್ತಿಯವರ ಸಂಘಗಳೇ ಇದನ್ನು ನಿಲ್ಲಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಎಲ್ಲ ನೋವೂ ಸ್ನಾಯುವಿನದು ಎಂದು ಹೇಳಿ ಸುಮ್ಮನಾದರೆ ನಾನೂ ಅದೇ ತಪ್ಪು ಮಾಡಿದಂತಾಗುತ್ತದೆ. ನೋವು ಕುತ್ತಿಗೆಯಿಂದ ಹೆಗಲಿಗೆ, ತೋಳಿಗೆ ಇಳಿದು, ಬೆರಳುಗಳು ಜೋಮು ಹಿಡಿದರೆ ಅಥವಾ ಹಿಡಿತ ಸಡಿಲವಾದರೆ, ಜಾರಿದ ಡಿಸ್ಕ್ ಅಥವಾ ಮೂಳೆಯ ಮೊನೆ ನರವನ್ನು ಒತ್ತುತ್ತಿರಬಹುದು. ಕುತ್ತಿಗೆಯ ಕೆಳಭಾಗದ ಐದು, ಆರು, ಏಳನೇ ಮೂಳೆಗಳ ನಡುವೆ ಇದು ಹೆಚ್ಚು. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಗೊತ್ತಿಲ್ಲದಂತೆ ಕಾಲಿನಿಂದ ಚಪ್ಪಲಿ ಜಾರುವುದು, ನಡಿಗೆ ತೂಗಾಡುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು ಇವು ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿರುವ ಗುರುತುಗಳು, ಇಲ್ಲಿ ತಡಮಾಡುವಂತಿಲ್ಲ. ಜ್ವರ, ತೀವ್ರ ತಲೆನೋವಿನ ಜೊತೆಗೆ ಗಲ್ಲವನ್ನು ಎದೆಗೆ ತಾಗಿಸಲಾರದಷ್ಟು ಕುತ್ತಿಗೆ ಬಿಗಿದರೆ ಅದು ಮಿದುಳುಪೊರೆಯ ಉರಿಯೂತ ಇರಬಹುದು, ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಹೆಚ್ಚುವ ನೋವು, ಸಂಜೆಯ ಸಣ್ಣ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನು ಮರೆಯಬಾರದು. ಕುತ್ತಿಗೆ, ದವಡೆ, ಎಡತೋಳಿನ ನೋವಿನೊಂದಿಗೆ ಬೆವರು, ಉಸಿರಾಟದ ಕಷ್ಟ, ಎದೆಯ ಬಿಗಿತ ಬಂದರೆ ಕಾರಣ ಕುತ್ತಿಗೆಯಲ್ಲೇ ಇಲ್ಲ, ಹೃದಯದಲ್ಲಿದೆ ಎಂದು ಭಾವಿಸಿಯೇ ಹೊರಡಬೇಕು. ಬಿದ್ದು ಪೆಟ್ಟಾದವರ ಕುತ್ತಿಗೆಯನ್ನು ನೀವುವ ಸಾಹಸವನ್ನು ಯಾರೂ ಮಾಡಬಾರದು.

ನನ್ನ ಕೋರಿಕೆಗಳು ಮೂರು. ತಮ್ಮ ಪತ್ರಿಕೆಯಲ್ಲಿ ಇನ್ನು ಮುಂದೆ ಸವೆತಕ್ಕೆ ಸ್ಪಾಂಡಿಲೋಸಿಸ್ ಎಂದೂ, ಉರಿಯೂತಕ್ಕೆ ಮಾತ್ರ ಸ್ಪಾಂಡಿಲೈಟಿಸ್ ಎಂದೂ, ಇವೆರಡೂ ಅಲ್ಲದ ನೋವಿಗೆ ಬರಿಯ ಕುತ್ತಿಗೆ ನೋವು ಎಂದೂ ಬರೆಯಬೇಕು. ಬಡಾವಣೆಗಳಲ್ಲಿರುವ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ವಾರಕ್ಕೊಂದು ದಿನವಾದರೂ ಫಿಸಿಯೋಥೆರಪಿಸ್ಟ್ ಒಬ್ಬರು ಸಿಗುವ ವ್ಯವಸ್ಥೆ ಮಾಡುವಂತೆ, ಅದರಲ್ಲೂ ಗಾರ್ಮೆಂಟ್ ಕಾರ್ಮಿಕರು ಹೆಚ್ಚಿರುವ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಡೆ ಸಂಜೆ ಏಳರ ನಂತರ ಸಿಗುವಂತೆ, ಆರೋಗ್ಯ ಇಲಾಖೆಯನ್ನು ಒತ್ತಾಯಿಸಬೇಕು. ಹಗಲು ಹೊತ್ತು ತೆರೆದಿದ್ದರೆ ಸಂಬಳ ಕಡಿತವಾಗುವ ಭಯದಿಂದ ಅವರು ಬರುವುದಿಲ್ಲ. ಮತ್ತು ಈ ಪತ್ರವನ್ನು ಜಾಗದ ಅಭಾವದಿಂದ ಮೊಟಕುಗೊಳಿಸಬೇಕಾಗಿ ಬಂದರೆ ನನ್ನ ಮುದ್ರಣಾಲಯದ ಕಥೆಯನ್ನು ಧಾರಾಳವಾಗಿ ತೆಗೆಯಿರಿ. ಅಪಾಯದ ಗುರುತುಗಳಿರುವ ಪ್ಯಾರಾವನ್ನು ಮಾತ್ರ ಪೂರ್ತಿಯಾಗಿ, ಸಾಧ್ಯವಾದರೆ ದಪ್ಪಕ್ಷರದಲ್ಲಿ ಅಚ್ಚುಮಾಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೂಫ್ ರೀಡರ್, ಹನುಮಂತನಗರ, ಬೆಂಗಳೂರು